ಎಫುವಾಳ ಕೋಳಿ ಕುಣಿತ

ಸ್ವಲ್ಪ ಹತ್ತಿರ ಬನ್ನಿ, ಮಕ್ಕಳೇ. ಆ ಕದ ಮುಂದೆ ಮಾಡಿ. ಈಗ ಹೇಳೋದು ಈ ಗೋಡೆ ದಾಟಬಾರದು, ಆಣೆ ಮಾಡಿ. ಪಕ್ಕದ ಮನೆಯವಳ ಕಿವಿಗಂತೂ ಬೀಳಲೇಬಾರದು. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯೋದಿಲ್ಲ.

ಘಾನಾ ದೇಶದ ಕಡಲ ತೀರದಲ್ಲಿ, ಮೀನಿಗೆ ಹೊಗೆ ಕೊಟ್ಟು ಮಾರುವವರ ಒಂದೂರು. ಅಲ್ಲಿ ಎಫುವಾ ಅಂತ ಒಬ್ಬ ಮುದುಕಿ. ಯಾರ ಒಲೆ ಮೇಲೆ ಏನು ಕುದಿಯುತ್ತೆ, ಯಾರ ಹೊಟ್ಟೆಯೊಳಗೆ ಏನು ಕುದಿಯುತ್ತೆ, ಎರಡೂ ಅವಳಿಗೆ ಗೊತ್ತು. ಅವಳ ಮನೆಗೂ ಪಕ್ಕದ ವಿಧವೆ ಅರಬಾಳ ಹಿತ್ತಲಿಗೂ ನಡುವೆ ತೆಂಗಿನ ಗರಿಯ ಬೇಲಿ. ಬೇಲಿಯಲ್ಲೊಂದು ಕಿಂಡಿ. ಇಲಿ ಕಡಿದದ್ದು ಅನ್ನುತ್ತಿದ್ದಳು ಎಫುವಾ. ಮನುಷ್ಯರ ಕಣ್ಣಿನ ಎತ್ತರಕ್ಕೆ ಹಾರಿ ಕಡಿಯುವ ಇಲಿ!

ಒಂದು ಸಂಜೆ ಆ ಕಿಂಡಿಯಲ್ಲಿ ಅವಳಿಗೆ ಕಂಡದ್ದೇನು? ಊರಿನ ಡೋಲುಗಾರ ಎಬೋ, ಮದುವೆಯಾಗದ ಗಂಡಸು, ಬಟ್ಟೆ ಸುತ್ತಿದ ದಪ್ಪ ಗಂಟೊಂದನ್ನು ಕಂಕುಳಲ್ಲಿ ಅವುಚಿಕೊಂಡು ಅರಬಾ ಮೀನು ಹೊಗೆ ಹಾಕುವ ಗುಡಿಸಲಿಗೆ ನುಸುಳಿದ. ಸುಮ್ಮನೆ ಅಲ್ಲ, ಅತ್ತ ಇತ್ತ ನೋಡಿಕೊಂಡು ನುಸುಳಿದ! ಮರುದಿನವೂ ಬಂದ. ಗಂಟಲ್ಲಿ ಏನಿದ್ದೀತು? ಸರಿಯಾಗಿ ನೋಡೋಣ ಅಂತ ಎಫುವಾ ಕಿಂಡಿಯೊಳಗೆ ತಲೆ ತೂರಿಸಿದಳು. ತಲೆ ಹೋಯಿತು, ವಾಪಸ್ ಬರಲಿಲ್ಲ. ಒದ್ದಾಡಿ, ಕೊಸರಾಡಿ, ಕೊನೆಗೆ ತಲೆ ಈಚೆ ಬಂತು. ತಲೆಗೆ ಕಟ್ಟಿದ್ದ ಹಳದಿ ವಸ್ತ್ರ ಆಚೆ ಉಳಿಯಿತು.

ಉಳಿಯಲಿ ಬಿಡು ಅಂದುಕೊಂಡಳು. ಎಂಥಾ ಸುದ್ದಿ ಸಿಕ್ಕಿದೆ!

ಆದರೆ ಆ ಊರಲ್ಲಿ ಹೆಸರು ಹಿಡಿದು ಚಾಡಿ ಹೇಳಿದರೆ ಹಿರಿಯರು ಕರೆಸಿ ನಾಲ್ಕು ಜನರೆದುರು ಉಗಿಯುತ್ತಾರೆ. ಕತೆಯಲ್ಲಾದರೆ ಯಾರೂ ಸಿಟ್ಟಾಗುವ ಹಾಗಿಲ್ಲ. ಮನುಷ್ಯರನ್ನು ಮೇಕೆ, ಕೋಳಿ ಮಾಡಿಬಿಟ್ಟರಾಯಿತು. ಅದೇ ಹೊತ್ತಿಗೆ ಊರ ಕತೆಗಾರ ಬಾದು ತಾತನ ಗಂಟಲು ಬಿದ್ದುಹೋಗಿತ್ತು. ಹುಣ್ಣಿಮೆ ಸಂಜೆ ಊರಮುಂದೆ ಕತೆ ಹೇಳಿ, ಕೊನೆ ಮುಟ್ಟಿಸಿದವರಿಗೆ ತಾತ ಕೂರುತ್ತಿದ್ದ ಕತೆಗಾರನ ಮಣೆ ಅಂತ ಸಾರಿದ್ದರು. ಎಫುವಾ ಹರೆಯದಿಂದ ಜೊಲ್ಲು ಸುರಿಸಿದ್ದು ಆ ಮಣೆಗೇ. ಮಣೆಯೂ ಬರುತ್ತೆ, ಅರಬಾಳ ಮಾನವೂ ಹೋಗುತ್ತೆ!

ಅಲ್ಲಿಯ ಕತೆ ಸುಮ್ಮನೆ ಕೂತು ಕೇಳುವಂಥದ್ದಲ್ಲ. ಡೋಲು ಬಡಿಯುತ್ತಿರುತ್ತೆ, ಕೇಳುವವರೂ ಚಪ್ಪಾಳೆ ತಟ್ಟಬೇಕು, ಪಲ್ಲವಿ ಹಾಡಬೇಕು. ಮಧ್ಯದಲ್ಲಿ ಯಾರು ಬೇಕಾದರೂ ಎದ್ದು "ನಿಲ್ಲಿಸು, ಆ ದಿನ ನಾನೂ ಅಲ್ಲಿದ್ದೆ!" ಅನ್ನಬಹುದು. ಆಗ ಕತೆ ಹೇಳುವವರು "ಏನು ಕಂಡೆ?" ಅಂತ ಕೇಳಲೇಬೇಕು. ಎದ್ದವರು ಹಾಡಿದ್ದನ್ನು ತಾವು ಕುಣಿದು ತೋರಿಸಲೇಬೇಕು. ಒಲ್ಲೆ ಅಂದರೆ ಮಣೆಯ ಆಸೆ ಬಿಟ್ಟ ಹಾಗೆ.

ಹುಣ್ಣಿಮೆ ಸಂಜೆ ಎಫುವಾ ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು. "ಒಂದೂರಲ್ಲಿ ಗಂಡ ಸತ್ತ ಒಂದು ಮೇಕೆ. ಕತ್ತಲಾಗುತ್ತಿದ್ದ ಹಾಗೆ ಅದರ ಹಿತ್ತಲಿಗೊಂದು ಹೋತ ಬರುತ್ತಿತ್ತು. ಎಂಥಾ ಹೋತ ಅಂತೀರಿ? ಡೋಲು ಬಡಿಯುವ ಹೋತ!"

ಜನ ಕಿಸಕ್ಕೆಂದರು. ಎಲ್ಲರ ಕಣ್ಣೂ ಅರಬಾಳ ಮೇಲೆ. ಎಬೋ ತಾಳ ತಪ್ಪಿದ.

"ಹೋತದ ಕಂಕುಳಲ್ಲೊಂದು ಗಂಟು. ಅದರಲ್ಲಿ ಏನಿತ್ತು ಹೇಳಲಾ?"

"ಹೇಳು, ಹೇಳು!"

"ನಿಲ್ಲಿಸು!" ಅರಬಾ ಎದ್ದಳು. "ಆ ದಿನ ನಾನೂ ಅಲ್ಲಿದ್ದೆ."

ಎಫುವಾ ಸೊಂಟದಿಂದ ಕೈ ಇಳಿಸಿದಳು. ಕೇಳದೆ ವಿಧಿಯಿಲ್ಲ. "ಏನು... ಏನು ಕಂಡೆ, ತಾಯಿ?"

ಅರಬಾ ಚಪ್ಪಾಳೆ ತಟ್ಟಿ ಹಾಡಿದಳು:

"ಕಂಡೆ ಕಂಡೆ ಕೋಳಿ ಕಂಡೆ,
ಬೇಲಿ ಕಿಂಡೀಲಿ ಕತ್ತು ಕಂಡೆ!
ಒಳಗೂ ಬಾರದು, ಹೊರಗೂ ಹೋಗದು,
ಕೊಕ್ಕೋ ಅಂದರೆ ಗುಟ್ಟು ಉಳಿಯದು!"

"ಒಳಗೂ ಬಾರದು, ಹೊರಗೂ ಹೋಗದು!" ಊರಿಗೆ ಊರೇ ಪಲ್ಲವಿ ಹಿಡಿಯಿತು. ಎಬೋನ ಡೋಲಿಗೆ ಎಲ್ಲಿಲ್ಲದ ಹುರುಪು ಬಂತು. ಎಫುವಾ ಕತ್ತು ಚಾಚಿದಳು, ಕೊಸರಾಡಿದಳು, ಹಿಂದೆ ಪುಕ್ಕ ಅಲ್ಲಾಡಿಸಿದಳು.

"ಅಯ್ಯೋ, ಅಭ್ಯಾಸ ಇದ್ದವಳ ಹಾಗೆ ಕುಣೀತಾಳಲ್ಲೇ ಇವಳು!" ಅಂದಳು ಒಬ್ಬ ಮೀನಿನವಳು.

ಆಗ ಅರಬಾ ಮಡಿಲಿನಿಂದ ಹಳದಿ ವಸ್ತ್ರ ತೆಗೆದು ಗಾಳಿಯಲ್ಲಿ ಬೀಸಿದಳು. "ಕೋಳಿ ಹೋಯಿತು, ಜುಟ್ಟು ಉಳಿಯಿತು!"

ಆ ವಸ್ತ್ರ ಗೊತ್ತಿಲ್ಲದವರು ಊರಲ್ಲಿ ಯಾರಿದ್ದರು? ಜನ ನಕ್ಕು ನಕ್ಕು ಮರಳಿನಲ್ಲಿ ಹೊರಳಿದರು.

ಎಫುವಾ ಉಸಿರು ಬಿಡುತ್ತ ಕೂಗಿದಳು, "ಕೋಳಿ ಹಾಳಾಗಿ ಹೋಗಲಿ! ಗಂಟಲ್ಲಿ ಏನಿತ್ತು, ಅದನ್ನ ಹಾಡು!"

"ಕತೆ ನಿನ್ನದು. ನೀನೇ ಹೇಳು."

ಎಫುವಾ ಹೇಳೋದಾದರೂ ಏನನ್ನು? ಗಂಟಿನೊಳಗೆ ಏನಿತ್ತೋ ಅವಳು ಕಂಡೇ ಇರಲಿಲ್ಲ!

ಆಗ ಎಬೋ ತಾನೇ ಎದ್ದು ನಿಂತ. ಡೋಲನ್ನು ಮುಂದಿನ ಸಾಲಿನವರ ಮೂಗಿಗೆ ಹಿಡಿದ. "ಮೂಸಿ ನೋಡಿ, ಇದೇ ಆ ಗಂಟು."

"ಥೂ, ಹೊಗೆಮೀನಿನ ನಾತ!"

ಕಡಲ ಗಾಳಿಯ ತೇವಕ್ಕೆ ಅವನ ಡೋಲಿನ ಚರ್ಮ ಸಡಿಲ ಬೀಳುತ್ತಿತ್ತು. ಇಷ್ಟು ದೊಡ್ಡ ಡೋಲುಗಾರನ ಡೋಲು ಹೀಗೆ ಅಂತ ಜನ ಆಡಿಕೊಂಡಾರು ಅಂತ, ಬಟ್ಟೆ ಸುತ್ತಿ ತಂದು, ಅರಬಾಳ ಮೀನಿನ ಒಲೆಯ ಕಾವಿಗೆ ಹಿಡಿದು ಬಿಗಿಮಾಡಿಕೊಂಡು ಹೋಗುತ್ತಿದ್ದ. ಊರ ಬೆಕ್ಕುಗಳೆಲ್ಲ ಅವನ ಬೆನ್ನು ಬಿದ್ದು ತಿರುಗೋದು ಯಾಕೆ ಅಂತ ಜನಕ್ಕೆ ಆವತ್ತು ಹೊಳೆಯಿತು.

ಅರಬಾ ಕೈ ಎತ್ತಿ ಹಾಡು ಮುಗಿಸಿದಳು:

"ಹೋತ ತಂದದ್ದು ಒಡವೆಯಲ್ಲ,
ಕಾವಿಲ್ಲದೆ ಡೋಲು ಕೂಗೋದಿಲ್ಲ!"

ಬಾದು ತಾತ ಬಿದ್ದ ಗಂಟಲಲ್ಲೇ ಹೇಳಿದ, "ಶುರು ಮಾಡಿದವಳು ಎಫುವಾ. ಕೊನೆ ಮುಟ್ಟಿಸಿದವಳು ಅರಬಾ. ಮಣೆ ಅರಬಾಳದ್ದು."

ಅರಬಾ ಮಣೆಯ ಮೇಲೆ ಕೂತಳು. ಎಫುವಾಳನ್ನು ಹತ್ತಿರ ಕರೆದು, ಹಳದಿ ವಸ್ತ್ರವನ್ನು ತಾನೇ ಅವಳ ತಲೆಗೆ ಕಟ್ಟಿ, ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ಅಕ್ಕಾ, ಕಿಂಡಿಗೆ ಎರಡು ಕಡೆ. ನಿನಗೆ ನನ್ನ ಹಿತ್ತಲು ಕಾಣುವಾಗ ನನಗೆ ನಿನ್ನ ಕಣ್ಣು ಕಾಣುತ್ತೆ. ನಾಳೆಯಿಂದ ಬಾಗಿಲಲ್ಲೇ ಬಾ. ಹೇಗೂ ನೋಡ್ತಾ ನಿಂತಿರ್ತೀಯ, ಮೀನಾದರೂ ಮಗುಚಿ ಹಾಕು."

ನೀತಿ: ಅರ್ಧ ಕಂಡವರು ಪೂರ್ತಿ ಕತೆ ಕಟ್ಟಬಾರದು. ಕಟ್ಟಿದರೆ, ಉಳಿದರ್ಧವನ್ನು ಎದುರಿನವರು ಹಾಡುತ್ತಾರೆ, ಕುಣಿಯಬೇಕಾದವರು ನಾವೇ.