ಔರಸ ಎಂಬ ಮಾತು

ಶಿಷ್ಯನು ಕೇಳಿದನು: "ಗುರುಗಳೇ, ಸ್ವಂತ ಮಗನನ್ನು ಔರಸ ಎನ್ನುತ್ತೇವೆ. ಉರಸ್ಸು ಎಂದರೆ ಎದೆ; ಮಾತು ಅಲ್ಲಿಂದ ಬಂದಿದೆ. ಆದರೆ ಮಗು ಹುಟ್ಟುವುದು ಬಸಿರಿನಿಂದ. ಎದೆಗೆ ಈ ಹಿರಿಮೆ ಹೇಗೆ ಸಂದಿತು?"

ಗುರುಗಳು ಹೇಳಿದರು:

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹೆಂಡತಿ ಮಕ್ಕಳಿಲ್ಲದವನು. ಚಳಿಗಾಲದ ಒಂದು ದಿನ ತವರಿಗೆ ಹೊರಟಿದ್ದ ಬಸುರಿಯೊಬ್ಬಳು ಒಂಟಿಯಾಗಿ ದೋಣಿಗೆ ಬಂದಳು. ದಡದಲ್ಲೇ ಅವಳಿಗೆ ನೋವು ಕಾಣಿಸಿಕೊಂಡಿತು. ಅಂಬಿಗ ಓಡಿಹೋಗಿ ಊರಿನ ಸೂಲಗಿತ್ತಿಯನ್ನು ಕರೆತಂದ. ತಿಂಗಳು ತುಂಬದ ಗಂಡುಮಗು ಹುಟ್ಟಿತು. ತಾಯಿ ಉಳಿಯಲಿಲ್ಲ. ಅವಳು ಯಾವ ಊರಿನವಳೆಂದು ಯಾರಿಗೂ ತಿಳಿಯಲಿಲ್ಲ.

ಮಗುವಿಗೆ ಅಳುವ ಶಕ್ತಿಯೂ ಇರಲಿಲ್ಲ. "ಇದರ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ. ಒಲೆಯ ಬಿಸಿ ಇದಕ್ಕೆ ಆಗದು, ಮನುಷ್ಯರ ಮೈಬಿಸಿಯೇ ಬೇಕು" ಎಂದಳು ಸೂಲಗಿತ್ತಿ. ಅಂಬಿಗ ಅಂಗಿ ಕಳಚಿದ. ಮಗುವನ್ನು ಎದೆಗೆ ಅವಚಿಕೊಂಡು, ಮೇಲೆ ಪಂಚೆ ಸುತ್ತಿ ಕಂಬಳಿ ಹೊದ್ದ.

ಅಂದಿನಿಂದ ಅವನು ಕುಳಿತೇ ನಿದ್ದೆ ಮಾಡಿದ. ದೋಣಿಯ ಹುಟ್ಟು ಹಿಡಿಯಲಿಲ್ಲ. ಮೊದಲು ಗೊಣಗಿದ ಪ್ರಯಾಣಿಕರು ಆಮೇಲೆ ತಾವೇ ಹುಟ್ಟು ಹಾಕಿ ಹೊಳೆ ದಾಟಿದರು. ಊರಿನ ಬಾಣಂತಿಯೊಬ್ಬಳು ಬಂದು ಹಾಲು ಕೊಟ್ಟು ಹೋಗುತ್ತಿದ್ದಳು. ಆಗಾಗ ಮಗುವಿನ ಉಸಿರು ನಿಂತುಬಿಡುತ್ತಿತ್ತು. ಅಂಬಿಗ ಹೆದರಿ ದೀರ್ಘವಾಗಿ ಉಸಿರೆಳೆಯುತ್ತಿದ್ದ. ಅವನ ಎದೆ ಏಳುತ್ತಲೇ ಮಗುವಿಗೂ ಉಸಿರು ಮರಳುತ್ತಿತ್ತು. ಒಮ್ಮೆ ಅದು ಕಣ್ಣು ತೆರೆದು ಅವನ ಮುಖವನ್ನೇ ನೋಡಿತು. ತುಂಬಿದ ಹೊಳೆಗೂ ಅಂಜದವನು ಅಂದು ನಡುಗಿದ. ತನಗರಿವಿಲ್ಲದೆ ಕೈ ಮುಗಿದ.

ಚಳಿ ಕಳೆಯಿತು. ಮಗು ಮೈ ತುಂಬಿಕೊಂಡಿತು. ಹೆಸರಿಡಲು ಬಂದ ಪಂಡಿತ, "ಇವನು ನಿನ್ನ ಔರಸನೋ, ಸಾಕುಮಗನೋ?" ಎಂದು ಕೇಳಿದ.

"ಔರಸ ಎಂದರೇನು, ಸ್ವಾಮಿ?"

"ಎದೆಯಿಂದ ಹುಟ್ಟಿದವನು."

ಅಂಬಿಗ ಮಗುವನ್ನು ನೋಡಿದ. "ಹಾಗಾದರೆ ಔರಸನೇ, ಸ್ವಾಮಿ. ತಾಯಿ ಹೆತ್ತಾಗ ಇವನು ಪೂರ್ತಿ ಹುಟ್ಟಿರಲಿಲ್ಲ. ಉಳಿದದ್ದು ಇಲ್ಲಿ ಹುಟ್ಟಿತು" ಎಂದು ಎದೆ ಮುಟ್ಟಿಕೊಂಡ.

ಪಂಡಿತನ ಮೈ ಜುಮ್ಮೆಂದಿತು. ಅವನು ಅಂಬಿಗನ ಔರಸಪುತ್ರನೆಂದೇ ಹೇಳಿ ಮಗುವಿಗೆ ಹೆಸರಿಟ್ಟ.

ಕತೆ ಮುಗಿದರೂ ಶಿಷ್ಯನ ಸಂದೇಹ ಅಳಿಯಲಿಲ್ಲ. "ಆದರೆ ಶಾಸ್ತ್ರ ಔರಸನೆನ್ನುವುದು ರಕ್ತ ಹಂಚಿಕೊಂಡ ಮಗನನ್ನಲ್ಲವೇ?" ಎಂದನು.

ಗುರುಗಳೆಂದರು: "ಬಸಿರನ್ನು ಹೆಣ್ಣಿಗಷ್ಟೇ ಕೊಟ್ಟ ದೇವರು ಎದೆಯನ್ನು ಎಲ್ಲರಿಗೂ ಕೊಟ್ಟಿದ್ದಾನಪ್ಪ."