ಗುದ್ಲೆಪ್ಪ ಹೊಸ ಕಿಟಕಿ ನೋಡಿದ್ದು

ಗುದ್ಲೆಪ್ಪನ ಕತೆ ಹೇಳಬೇಕಾದರೆ ಮೊದಲು ಅವನ ಅವ್ವನ ಕತೆ ಹೇಳಬೇಕು, ಯಾಕೆಂದರೆ ಪಾಡು ಪಟ್ಟವಳು ಅವಳು. ಹೆಸರು ಫಕೀರವ್ವ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಮಗನಿಗೆ ಇಪ್ಪತ್ತೈದು ತುಂಬಿತ್ತು, ಆಳು ಎತ್ತಿನಂತಿದ್ದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಕೂಡು ಅಂದರೆ ಏಳು ಅನ್ನುವ ತನಕ ಕೂತಿರುತ್ತಿದ್ದ.

ಫಕೀರವ್ವನಿಗೆ ದಮ್ಮಿನ ಕೆಮ್ಮು. ಅವಳ ಹಾಸಿಗೆಯ ತಲೆದೆಸೆಗೇ ಕಿಟಕಿ. ಹಳೇ ಕಿಟಕಿಯನ್ನು ಗೆದ್ದಲು ತಿಂದಿತ್ತು, ಥಂಡಿಗಾಳಿ ಸೀದಾ ಎದೆಗೆ ಬಡಿಯುತ್ತಿತ್ತು. ಈ ಚಳಿಗಾಲ ದಾಟುತ್ತೇನೋ ಇಲ್ಲವೋ ಅಂತ ಅವಳಿಗೇ ಅನ್ನಿಸಿತ್ತು. ತಾನು ಹೋದರೆ ಇವನಿಗೆ ಏಳು ಅನ್ನುವವರು ಯಾರು? ಅದಕ್ಕೇ ಬಡಿಗ ಮೌನೇಶಪ್ಪನನ್ನು ಕರೆಸಿ ಹೊಸ ಕಿಟಕಿ ಕೂಡಿಸಿದಳು.

"ಸೋಮವಾರ ಮೊದಲನೇ ಬಸ್ಸಿಗೆ ನಾ ಬ್ಯಾರೆ ಊರಿಗೆ ಹೊಂಟೀನಿ. ಏನರ ಕುಂದಿದ್ರ ಅದರೊಳಗ ಹೇಳ್ರಿ," ಅಂದ ಮೌನೇಶಪ್ಪ.

ಹೊಸ ಕಿಟಕಿ ಬಂದರೂ ಕೆಮ್ಮು ಹೋಗಲಿಲ್ಲ. ಎಲ್ಲೋ ಗಾಳಿ ನುಸುಳುತ್ತಿತ್ತು. ಫಕೀರವ್ವ ಹಗಲೆಲ್ಲ ಒಲೆಯ ಮುಂದೆ, ಸಂಜೆ ಬಂದರೆ ಹೊಗೆ ಕುಡಿದ ಕಣ್ಣಿಗೆ ಏನೂ ಕಾಣದು. ನೋಡಲು ಉಳಿದವನು ಗುದ್ಲೆಪ್ಪ ಒಬ್ಬನೇ.

"ದೀಪ ಹಚ್ಚಿ ಕಿಟಕಿ ಮುಂದ ಹಿಡಿಯೋ ನಮ್ಮಪ್ಪ. ಕುಡಿ ಅಲುಗಾಡಿದ್ರ ಸಂದು ಐತಿ ಅಂತ ತಿಳಿ," ಅಂದಳು ಗುರುವಾರ.

ಗುದ್ಲೆಪ್ಪ ದೀಪ ಹಿಡಿದ. ಆರಿತು. ಹಚ್ಚಿದ. ಆರಿತು. ಕಡ್ಡಿಪೆಟ್ಟಿಗೆ ಖಾಲಿಯಾಯಿತು. ಸಂಜೆ ಅವ್ವ ಬಂದು ನೋಡಿದರೆ ಕಿಟಕಿ ಪೂರಾ ತೆರೆದುಕೊಂಡಿದೆ.

"ತೆರೆದ ಕಿಟಕಿಯೊಳಗ ಗಾಳಿ ಬರದ ಇರತೈತೇನೊ? ಮೊದಲು ಮುಚ್ಚಬೇಕು, ಆಮ್ಯಾಲೆ ನೋಡಬೇಕು."

"ಹೂಂನವ್ವ. ಮೊದಲು ಮುಚ್ಚಬೇಕು."

ಶುಕ್ರವಾರ ಹೇಳಿದಳು, "ಕಿಟಕಿಗೆ ಒಂದು ಕೊಡ ನೀರು ಸುರುವು. ಒಳಗ ಹನಿ ಬಂತೇನು ನೋಡು."

ಗುದ್ಲೆಪ್ಪ ಮೊದಲು ಮುಚ್ಚಿದ. ಕಿಟಕಿ ಮುಚ್ಚಿದ, ಮುಂಬಾಗಿಲು ಮುಚ್ಚಿದ, ಹಿತ್ತಲ ಬಾಗಿಲೂ ಮುಚ್ಚಿದ. ಎಲ್ಲ ಮುಚ್ಚಿದ ಮೇಲೆ ತಾನು ಒಳಗೇ ಉಳಿದ. ಅಲ್ಲೇ ನಿಂತು ಕೊಡ ಬರಿದು ಮಾಡಿದ. ಅವ್ವನ ಹಾಸಿಗೆ ತೊಪ್ಪೆಯಾಯಿತು.

"ಒಳಗ ಭಾಳ ನೀರು ಬಂದೈತವ್ವ," ಅಂದ, ದುಃಖದಿಂದಲೇ.

ಫಕೀರವ್ವ ಒದ್ದೆ ಕೌದಿ ಹಿಂಡುತ್ತ ಬೈದಳು. "ಮಳಿ ಮನಿಯೊಳಗ ಹುಟ್ಟತೈತೇನೊ? ಹೊರಗ ನಿಂತು ನೋಡಬೇಕು."

"ಹೂಂನವ್ವ. ಹೊರಗ ನಿಂತು ನೋಡಬೇಕು."

ಶನಿವಾರ ಕೈಗೆ ಗೋಲಿ ಕೊಟ್ಟಳು. "ಕಿಟಕಿ ಕಟ್ಟಿ ಮ್ಯಾಲೆ ಇಡು. ಹೊರಗ ಉರುಳಿದ್ರ ಚಲೋ, ಒಳಗ ಉರುಳಿದ್ರ ಮಳಿನೀರೂ ಒಳಗ. ಎತ್ತ ಹೋಗತೈತಿ ಬರೋಬ್ಬರಿ ನೋಡು."

ಗುದ್ಲೆಪ್ಪ ಹೊರಗೆ ನಿಂತು ಗೋಲಿ ಇಟ್ಟ. ಗೋಲಿ ಹೊರಗೇ ಉರುಳಿತು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಎತ್ತ ಹೋಗುತ್ತದೆ ಬರೋಬ್ಬರಿ ನೋಡಬೇಕಲ್ಲ? ಓಣಿ ಇಳಿಜಾರು. ಗೋಲಿಯ ಹಿಂದೆ ಇವನು, ಗಟಾರದ ತನಕ, ಗಟಾರದಿಂದ ಹಳ್ಳದ ತನಕ. ಇತ್ತ ತೆರೆದ ಕಿಟಕಿಯಿಂದ ಓಣಿಯ ಕೋಳಿಗಳೆಲ್ಲ ಒಳಗೆ ಬಂದು ಬುಟ್ಟಿಯ ಜೋಳ ತಿಂದು ಹೋದವು.

"ಹಳ್ಳದಾಗ ಬಿತ್ತವ್ವ."

ಫಕೀರವ್ವನಿಗೆ ಬೈಯಲೂ ಉಸಿರು ಸಾಲಲಿಲ್ಲ. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು ಅಂದಳು, "ನೀ ನೋಡೂದು ಸಾಕು. ನಾಳೆ ಕಿಟಕಿ ಬಿಟ್ಟು ಸರೀಬ್ಯಾಡ. ಅದಕ್ಕ ಅಂಟಿಕೊಂಡು ಕೂಡು."

ಭಾನುವಾರ ಗುದ್ಲೆಪ್ಪ ಅಂಗಿ ಬಿಚ್ಚಿಟ್ಟು, ಮುಚ್ಚಿದ ಕಿಟಕಿಗೆ ಬೆನ್ನು ಅಂಟಿಸಿ ಕಟ್ಟೆಯ ಮೇಲೆ ಕೂತ. ನೀರಿಗೆ ಏಳಲಿಲ್ಲ, ಊಟಕ್ಕೆ ಏಳಲಿಲ್ಲ. ಸಂಜೆ ಅವ್ವ ಬಂದಾಗಲೂ ಹಾಗೇ ಇದ್ದ.

"ಏಳೋ ನನ ಕೂಸ. ಹಸಿವಾಗಿಲ್ಲೇನು?" ಅಂತ ಬೆನ್ನು ಸವರಿದಳು. ಬೆನ್ನೆಲ್ಲ ಬೆಚ್ಚಗಿತ್ತು, ಎಡಗಡೆ ಕೆಳಗೆ ಅಂಗೈ ಅಗಲದ ಜಾಗ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಫಕೀರವ್ವ ಅಲ್ಲೇ ನಿಂತಳು. ಕೈ ಒದ್ದೆ ಮಾಡಿ ಕಿಟಕಿಯ ಅದೇ ಮೂಲೆಗೆ ಹಿಡಿದಳು. ಸುಯ್ ಅಂತ ಗಾಳಿ.

ಹೇಳಿ ಕಳಿಸಿದ ಕೂಡಲೇ ಮೌನೇಶಪ್ಪ ಬಂದು ಉಳಿಯಿಂದ ಕೆದಕಿದ. ಚೌಕಟ್ಟಿನ ಹಿಂದೆ ಗಾರೆ ತುಂಬದೆ ಪೊಳ್ಳಾಗಿತ್ತು. ಅವನಿಗೆ ನಾಚಿಕೆಯಾಯಿತು. "ಕೂಡಸೂವಾಗ ಮೂರು ಸಲ ನೋಡಿದ್ದೆ, ನನಗ ಸಿಗಲಿಲ್ಲ. ನಿನ್ನ ಮಗನ ಬೆನ್ನಿಗೆ ಸಿಕ್ತು ನೋಡು," ಅಂತ ಗಾರೆ ಜಡಿದು ನಯ ಮಾಡಿದ. ಹೋಗುವಾಗ ಗುದ್ಲೆಪ್ಪನಿಗೆ ಹೇಳಿದ, "ಮುಂಜಾನೆ ಎದ್ದು ಒಂದೊಂದೂ ನೋಡು. ಇಷ್ಟು ದಿನ ಇದ್ದಂಗ ಇರದ ಏನರ ಬ್ಯಾರೆ ಆಗಿದ್ರ, ಬಸ್ ಬಿಡೂದರೊಳಗ ನನ್ನ ಕರಿ."

ಇದನ್ನು ಅವನಿಗೆ ಹೇಳಬಾರದಿತ್ತು.

ಸೋಮವಾರ ಗುದ್ಲೆಪ್ಪ ಎದ್ದು ನೋಡಿದ. ಚಿಲಕ ಇದ್ದಂಗೇ ಇತ್ತು. ಗಾಜು ಇದ್ದಂಗೇ ಇತ್ತು. ಅವ್ವನ ಕಡೆ ತಿರುಗಿ ಕಿವಿಗೊಟ್ಟ. ತುಸು ಹೊತ್ತು ನಿಂತ. ಆಮೇಲೆ ಬಿದ್ದಂಬೀಳ ಓಡಿದ.

ಮೌನೇಶಪ್ಪನ ಒಂದು ಕಾಲು ಬಸ್ಸಿನೊಳಗಿತ್ತು. ಗುದ್ಲೆಪ್ಪ ಅವನ ಉಳಿ ಬಾಚಿಯ ಚೀಲ ಕಸಿದು ಹೆಗಲಿಗೇರಿಸಿ ಓಡಿದ. ಬಡಿಗ ಏದುಸಿರು ಬಿಡುತ್ತ ಹಿಂದೆ ಬಂದ, ಕಿಟಕಿ ತೆರೆದ, ಮುಚ್ಚಿದ, ಮೂಲೆ ಒತ್ತಿ ನೋಡಿದ. ಸದ್ದಿಗೆ ಫಕೀರವ್ವ ಎದ್ದು ಕೂತಳು. ಎಷ್ಟೋ ವರ್ಷದ ಮೇಲೆ ಅವಳು ಬೆಳಕು ಹರಿಯುವ ತನಕ ಮಲಗಿದ್ದಳು.

"ಎಲ್ಲಾ ಗಟ್ಟಿ ಐತೆಲ್ಲೊ. ಏನು ಕೆಟ್ಟೈತಿ?" ಅಂದ ಮೌನೇಶಪ್ಪ.

"ಅವ್ವ ಕೆಮ್ಮವಲ್ಲಳ್ರಿ," ಅಂದ ಗುದ್ಲೆಪ್ಪ. ಗಾರೆ ಹಾಕಿದ ಮೂಲೆಗೆ ಬೆರಳು ಮಾಡಿದ. "ದಿನಾ ಕೆಮ್ಮತಿದ್ಲು. ನೀವು ಗಾರೆ ಹಾಕಿದಮ್ಯಾಲೆ ನಿಂತೈತಿ. ಬಿಚ್ಚಿ ನೋಡ್ರಿ."

ಫಕೀರವ್ವ ಮಗನ ಮುಖ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಸೆರಗು ಬಾಯಿಗೆ ಹಿಡಿದು, ಇಲ್ಲದ ಕೆಮ್ಮನ್ನು ಒಂದು ಸಲ ಕೆಮ್ಮಿದಳು.

"ಹಾಂ, ಸರಿಯಾತ್ರಿ," ಅಂತ ಗುದ್ಲೆಪ್ಪ ಚೀಲ ವಾಪಸು ಕೊಟ್ಟ.

ಆವತ್ತಿನಿಂದ ಫಕೀರವ್ವ ದಿನಾ ಮುಂಜಾನೆ ಎದ್ದ ಕೂಡಲೇ ಒಂದು ಸಲ ಸುಳ್ಳೇ ಕೆಮ್ಮುತ್ತಾಳೆ. ಇಲ್ಲದಿದ್ದರೆ ಪಾಪ, ಬಡಿಗ ಯಾವ ಊರಲ್ಲಿದ್ದರೂ ಅವನ ಬಸ್ಸು ತಪ್ಪುತ್ತದೆ.