ತಾನಾಗಿ ಕೂರುವ ಮಣ್ಣು

ವರದಾ ಹೊಳೆಯ ದಂಡೆಯಲ್ಲಿ ಒಂದು ಕಡೆ ಜೇಡಿಮಣ್ಣಿದೆ. ಅದರ ಗುಣ ಯಾರಿಗೂ ಬೇಡ. ಸುಮ್ಮನೆ ಬಿಟ್ಟರೆ ಬಂಡೆಯಂತೆ ಕೂತಿರುತ್ತದೆ, ಜೋಡೆತ್ತು ಹತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಒಂದೇ ಸಮ ಬಡಿದು ಅಲುಗಿಸಿದಿರೋ, ಮುಗಿಯಿತು, ಗಂಜಿಯ ಹಾಗೆ ಹರಿದುಬಿಡುತ್ತದೆ. ಅದಕ್ಕೆ ಮೇಲಿನಿಂದ ಒಂದು ಹನಿ ನೀರೂ ಬೇಕಿಲ್ಲ.

ಆ ದಂಡೆಯ ಮೇಲೆ ಒಂದು ಬಡ ಮಠ. ಅಲ್ಲಿದ್ದವರು ಮೂರೇ ಜನ.

ಗುರು ರೇವಣಜ್ಜ. ಅವರ ಅಕ್ಕ ಗಂಗವ್ವ, ಗಂಡ ತೀರಿಕೊಂಡ ಮೇಲೆ ತಮ್ಮನ ಮಠಕ್ಕೆ ಬಂದು ಒಲೆ ನೋಡಿಕೊಂಡವಳು. ಮತ್ತೆ ಶಿಷ್ಯ ಗದಿಗೆಯ್ಯ. ಮೂವತ್ತು ದಾಟಿದ್ದರೂ ಕೈಕಾಲಿಗೆ ಒಂದು ಗಳಿಗೆ ಪುರಸೊತ್ತಿಲ್ಲದ ಮನುಷ್ಯ. ಕೆಟ್ಟವನಲ್ಲ, ಪಾಪ. ಅವಸರದವನು, ಅಷ್ಟೇ.

ಗಂಗವ್ವನಿಗೆ ಮೊಣಕಾಲು ನೋವು. ಪಾತ್ರೆ ಬೆಳಗಲು ಹೊಳೆಗೆ ಇಳಿಯುವಾಗ ಹೆಜ್ಜೆಗೊಮ್ಮೆ "ಶಿವನ, ಶಿವನ" ಅನ್ನುತ್ತಿದ್ದಳು. ಕೇಳಿ ಕೇಳಿ ಗದಿಗೆಯ್ಯನ ಕರುಳು ಚುರ್ ಅನ್ನುತ್ತಿತ್ತು.

"ಅಜ್ಜಾರ, ದಂಡಿಗೆ ಗೂಟ ಹೊಡದು ಮೆಟ್ಟಲಾ ಮಾಡ್ತೇನ್ರಿ," ಅಂದ.

"ಗೂಟ ಬ್ಯಾಡ," ಅಂದರು ರೇವಣಜ್ಜ. "ಕಲ್ಲು ಹೊತ್ತು ತಂದು ಒಂದೊಂದ ಇಡು. ಆ ಮಣ್ಣು ತಾನಾಗಿ ಕುಂತೈತಿ. ಬಡದು ಎಬ್ಬಿಸಬ್ಯಾಡ."

"ಕಲ್ಲು ಹೊರೂದ್ರಾಗ ಮಳಿಗಾಲ ಬಂದುಬಿಡ್ತೈತ್ರಿ."

"ಬರಲಿ ಬಿಡು."

ಬಿಡುವ ಪೈಕಿ ಅಲ್ಲ ಅವನು. ಅಜ್ಜಾರು ಒಂದು ದಿನ ಪಕ್ಕದ ಊರಿಗೆ ಹೋದದ್ದೇ ತಡ, ಜಾಲಿ ಗೂಟಗಳನ್ನು ಚೂಪು ಮಾಡಿ, ಗೂಟ ಬಡಿಯುವ ದೊಡ್ಡ ಮರದ ಕೊಡತಿ ಎತ್ತಿಕೊಂಡು ದಂಡೆಗೆ ಹೋದ.

ಕೆಳಗೆ ಗಂಗವ್ವ ಅಂಬಲಿ ಗಡಿಗೆಗೆ ಬೂದಿ ಹಚ್ಚಿ ತಿಕ್ಕುತ್ತ ಕೂತಿದ್ದಳು.

"ಎಷ್ಟ ಬಡಿತೀಯೋ ಮಾರಾಯಾ, ಕಿವಿ ತೂತು ಬಿದ್ದವು!"

"ನಿನ್ನ ಮೊಣಕಾಲಿಗೇ ಬೇ ಇದೆಲ್ಲಾ! ಇನ್ನೊಂದ ಗೂಟ!"

ಅವಳು ನಕ್ಕಳು. ಆ ನಗು ಅವನಿಗೆ ಚೆನ್ನಾಗಿ ನೆನಪಿದೆ.

ಇನ್ನೊಂದು ಗೂಟಕ್ಕೆ ದಂಡೆ ನಡುಗಿತು. ಬಿರುಕು ಬಿಡಲಿಲ್ಲ, ಸದ್ದು ಮಾಡಲಿಲ್ಲ. ಗೂಟಗಳ ಸಮೇತ ಸುಮ್ಮನೆ ಕೆಳಗೆ, ಗಂಗವ್ವನ ಮೇಲೆ ಹರಿಯಿತು.

ಗದಿಗೆಯ್ಯ ಕೆಳಗೆ ಹಾರಿ ಎರಡೂ ಕೈಯಿಂದ ತೋಡಿದ. ತೋಡಿದಷ್ಟೂ ಮೇಲಿನಿಂದ ಸುರಿಯಿತು. ಅವಳನ್ನು ಹೊರಗೆ ತೆಗೆದಾಗ ಉಸಿರಿರಲಿಲ್ಲ.

ಸಂಜೆ ಹೊತ್ತಿಗೆ ಅದೇ ಮಣ್ಣು, ಏನೂ ಆಗೇ ಇಲ್ಲ ಅನ್ನುವ ಹಾಗೆ, ಗಟ್ಟಿಯಾಗಿ ಕೂತಿತ್ತು. ಎಂಥ ಮಣ್ಣು ನೋಡಿ ಅದು!

ರೇವಣಜ್ಜ ಬಂದರು. ಅಕ್ಕನ ಪಕ್ಕ ಕೂತು, ಹೊದ್ದ ವಸ್ತ್ರದ ಚುಂಗಿನಿಂದ ಅವಳ ಕಿವಿಯೊಳಗಿನ ಮಣ್ಣನ್ನು ಮೆಲ್ಲಗೆ ಒರೆಸಿದರು. ಗದಿಗೆಯ್ಯ ಅವರ ಕಾಲಿಗೆ ಬಿದ್ದ.

"ನಾನ ಕೊಂದೆ, ಅಜ್ಜಾರ. ನೀವು ಬ್ಯಾಡ ಅಂದಿದ್ರಿ."

ಅಜ್ಜಾರು ಅಕ್ಕನ ಇನ್ನೊಂದು ಕಿವಿಯನ್ನೂ ಒರೆಸಿ ಮುಗಿಸಿದರು.

"ಮುಂಜಾನಿಂದ ಏನರ ತಿಂದೀಯೇನು?" ಅಂದರು ಕೊನೆಗೆ.

ಕಪಾಳಕ್ಕೆ ಎರಡು ಬಾರಿಸಿದ್ದರೂ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಈ ಮಾತು ತಡೆಯಲಾಗಲಿಲ್ಲ. ದನದ ಹಾಗೆ ಅತ್ತ.

ಅಂದಿನಿಂದ ಒಲೆ ಅವನದಾಯಿತು. ಅವನು ಕಾಸಿದ ಅಂಬಲಿ ಒಂದೋ ನೀರು, ಇಲ್ಲವೋ ಗಂಟು. ರೇವಣಜ್ಜ ಮೊದಲ ಗುಟುಕು ಬಾಯಿಗಿಟ್ಟು ನಿಲ್ಲುತ್ತಿದ್ದರು. ಒಲೆಯ ಕಡೆ ನೋಡುತ್ತಿದ್ದರು. ಆಮೇಲೆ ನುಂಗುತ್ತಿದ್ದರು. ದಿನವೂ ಹೀಗೇ. ಆ ಒಂದು ಗುಟುಕು ಗಂಟಲಿಳಿಯುವವರೆಗೆ ಗದಿಗೆಯ್ಯನಿಗೆ ಜೀವ ಹೋಗಿ ಬಂದಂತಾಗುತ್ತಿತ್ತು.

ದಿನಾ ಬೆಳಗ್ಗೆ ಮುಖಕ್ಕೆ ನೀರು ಒಯ್ದು ಕೊಟ್ಟು ಕೇಳುತ್ತಿದ್ದ:

"ಅಜ್ಜಾರ, ನನ್ನ ಕ್ಷಮಾ ಮಾಡಿದ್ರೇನ್ರಿ?"

ಅಜ್ಜಾರು ಮುಖ ತೊಳೆದು ಎದ್ದು ಹೋಗುತ್ತಿದ್ದರು. ಆ ಮುಖದಲ್ಲಿ ಸಿಟ್ಟಿಲ್ಲ. ಕ್ಷಮೆಯೂ ಇಲ್ಲ.

ಒಂದು ಬೆಳಗ್ಗೆ ಮಾತ್ರ ನಿಂತರು.

"ಆ ದಂಡಿ ಮಣ್ಣು ಒಂದ ಗಡಿಗಿ ತಗೊಂಡ ಬಾ."

ಗದಿಗೆಯ್ಯ ನೀರಿನ ತಂಬಿಗೆ ಕೆಳಗಿಟ್ಟ. "ಯಾ ದಂಡಿದರಿ?"

"ಯಾವುದು ಅಂತ ನಿನಗ ಗೊತ್ತೈತಿ."

ತಂದ. ಅಜ್ಜಾರು ಹೇಳಿದಂತೆ ನೀರು ಬೆರೆಸಿ, ಮಜ್ಜಿಗೆಯ ಹಾಗೆ ಆಗುವವರೆಗೆ ಕಲಸಿದ.

"ಹಸಿ ಅರಿವಿ ಮುಚ್ಚಿ ಕಿಟಕ್ಯಾಗ ಇಡು. ಒಣಗಬಾರದು, ಬಿಸಿಲೂ ಬೀಳಬಾರದು. ಗಡಿಗಿ ಬೋರಲು ಹಾಕಿದರೂ ಬೀಳದಂಗ ಆತು ಅಂದ್ರ, ಅವತ್ತ ಬಂದು ನನ್ನ ಕೇಳು."

"ಒಣಗದ ಹೆಂಗ ಗಟ್ಟಿ ಆಗ್ತೈತ್ರಿ?"

ಅಜ್ಜಾರು ಆಗಲೇ ಹೊಳೆಯ ಕಡೆ ಹೊರಟಿದ್ದರು.

ಮರುದಿನ ನಸುಕಿನಲ್ಲೇ ಗದಿಗೆಯ್ಯ ಗಡಿಗೆ ಎತ್ತಿ ಅಲ್ಲಾಡಿಸಿದ. ಗುಳುಗುಳು ಅಂದಿತು. ಅದರ ಮರುದಿನ ಬೆರಳು ಅದ್ದಿ ನೋಡಿದ, ಮೊದಲು ಅಂಟಿದಂತೆ ಅನಿಸಿ ಆಮೇಲೆ ಸಡಿಲಾಯಿತು. ಕಡ್ಡಿ ಚುಚ್ಚಿದ. ಸೌಟಿನಿಂದ ತಿರುವಿದ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಓರೆ ಮಾಡಿದ. ಹಳೆಯದನ್ನು ಚೆಲ್ಲಿ ಹೊಸ ಮಣ್ಣು ತಂದ. ಕೇಳಬಾರದ ದೇವರನ್ನೆಲ್ಲ ಕೇಳಿಕೊಂಡ. ಮಣ್ಣು ಮಜ್ಜಿಗೆಯೇ ಆಗಿ ಉಳಿಯಿತು.

ಇಷ್ಟರ ನಡುವೆ ಬೆಳಗಿನ ಪ್ರಶ್ನೆಯನ್ನಾದರೂ ಬಿಟ್ಟನೋ? ಇಲ್ಲ. ಮಣ್ಣು ಕೂತಿಲ್ಲವಲ್ಲ ಅಂತ ಗೊತ್ತಿದ್ದೂ, ನೀರು ಕೊಡುವಾಗ ಆ ಮಾತು ಬಾಯಿಗೆ ಬಂದೇಬಿಡುತ್ತಿತ್ತು.

ದೋಣಿಯ ಹುಲುಗಪ್ಪ ಒಮ್ಮೆ ಕಿಟಕಿಯಲ್ಲಿ ಇಣುಕಿದ.

"ಏನ್ರೀ ಗದಿಗೆಯ್ಯಾರ, ಮಣ್ಣಿಗೆ ಹೆಪ್ಪು ಹಾಕೀರೇನು?"

ಆಮೇಲೆ ಅದು ಎಲ್ಲಿಯ ಮಣ್ಣೆಂದು ತಿಳಿದಿರಬೇಕು. ತಲೆ ತಗ್ಗಿಸಿ ಹೊರಟುಹೋದ.

ಗದಿಗೆಯ್ಯನಿಗೆ ರೋಸಿಹೋಯಿತು. ಗಡಿಗೆಯನ್ನು ಅಜ್ಜಾರ ಮುಂದೆ ಕುಕ್ಕಿದ.

"ಇದು ಗಟ್ಟಿ ಆಗೂದಿಲ್ಲ, ಅಜ್ಜಾರ. ನನ್ನ ಕ್ಷಮಾ ಮಾಡಬಾರದಂತನ ನೀವು ಇದನ್ನ ಕೊಟ್ಟೀರಿ."

"ಆ ದಂಡಿ ಗಟ್ಟಿ ಇತ್ತಲ್ಲ?"

"ಇತ್ತರಿ."

"ಅದನ್ನ ಯಾರು ಗಟ್ಟಿ ಮಾಡಿದ್ರು?"

ಗದಿಗೆಯ್ಯ ಗಡಿಗೆಯೊಳಗೆ ನೋಡಿದ. ಗಡಿಗೆಯನ್ನು ಮತ್ತೆ ಕಿಟಕಿಗೆ ಒಯ್ದಿಟ್ಟ.

ಮಳೆ ಹಿಡಿಯಿತು. ಅದರ ಜೊತೆಗೆ ಅವನಿಗೆ ಜ್ವರವೂ ಹಿಡಿಯಿತು. ಮೈ ಕೆಂಡ, ಬಾಯಿ ಕಹಿ, ಚಾಪೆ ಬಿಟ್ಟು ಏಳಲಾಗದು. ಕಣ್ಣು ಮುಚ್ಚಿದರೆ ಕೊಡತಿಯ ಸದ್ದು.

ರೇವಣಜ್ಜ ತಾವೇ ಒಲೆ ಹಚ್ಚಿದರು. ಗಂಜಿ ಕಾಸಿ ತಂದು, ಅವನ ತಲೆ ಎತ್ತಿ ಹಿಡಿದು ಕುಡಿಸಿದರು. ಅವನಿಗೆ ಬೆಳಗಿನ ಪ್ರಶ್ನೆ ಕೇಳುವ ತ್ರಾಣವೂ ಇರಲಿಲ್ಲ. ಬೆಳಗಾಗುತ್ತಿತ್ತು, ಸಂಜೆಯಾಗುತ್ತಿತ್ತು, ಮಳೆ ಸುರಿಯುತ್ತಿತ್ತು.

ಜ್ವರ ಇಳಿದ ಬೆಳಗ್ಗೆ ಗೋಡೆ ಹಿಡಿದು ಎದ್ದ. ಕಿಟಕಿಯಲ್ಲಿ ಗಡಿಗೆ ಹಾಗೇ ಇತ್ತು. ಮೇಲಿನ ಅರಿವೆ ಮುಟ್ಟಿದ, ಹಸಿಯಾಗಿತ್ತು. ಅವನು ಮಲಗಿದ್ದ ಅಷ್ಟೂ ದಿನ ಅದನ್ನು ಯಾರೋ ಒದ್ದೆ ಮಾಡುತ್ತ ಬಂದಿದ್ದರು. ಮಠದಲ್ಲಿ ಇನ್ನೊಬ್ಬರೇ ಇದ್ದದ್ದು.

ಅರಿವೆ ತೆಗೆದು, ಉಸಿರು ಬಿಗಿಹಿಡಿದು, ಗಡಿಗೆಯನ್ನು ಮೆಲ್ಲಗೆ ಬೋರಲು ಮಾಡಿದ.

ಬೀಳಲಿಲ್ಲ! ಒಂದು ತೊಟ್ಟೂ ಬೀಳಲಿಲ್ಲ.

ಗಂಗವ್ವ ಹೋದ ಮೇಲೆ ಮೊದಲ ಸಲ ಗದಿಗೆಯ್ಯ ನಕ್ಕ. "ಕುಂತೈತಿ! ಅಯ್ಯೋ ಶಿವನ, ಕುಂತೈತಿ!"

ಅಜ್ಜಾರು ಹೊಳೆಯ ಹತ್ತಿರ ಇದ್ದರು, ದಂಡೆ ಹರಿದ ಜಾಗದಲ್ಲೇ. ಗದಿಗೆಯ್ಯ ಅರಿವೆಯನ್ನು ಹೆಗಲಿಗೆ ಹಾಕಿ, ಗಡಿಗೆಯನ್ನು ಕಂಕುಳಿಗೆ ಅವಚಿ ಓಡಿದ. ಜ್ವರ ಬಿಟ್ಟ ಕಾಲು, ಕೆಸರು ದಾರಿ. ಎಡವಿದ, ಎದ್ದ, ಮತ್ತೆ ಓಡಿದ. ದಾರಿಯುದ್ದಕ್ಕೂ ಗಡಿಗೆ ಅವನ ಪಕ್ಕೆಗೆ ಬಡಿಯುತ್ತಲೇ ಇತ್ತು.

"ಅಜ್ಜಾರ! ನೋಡ್ರಿ, ಕುಂತೈತಿ! ಈಗರ ಹೇಳ್ರಿ, ನನ್ನ ಕ್ಷಮಾ ಮಾಡಿದ್ರೇನ್ರಿ?"

ಹಾಗನ್ನುತ್ತಲೇ ಗಡಿಗೆ ಬೋರಲು ಹಾಕಿದ.

ಮಣ್ಣು ಬಳಬಳ ಸುರಿದು ರೇವಣಜ್ಜನ ಎರಡೂ ಪಾದ ಮುಚ್ಚಿತು.

ಗದಿಗೆಯ್ಯ ಖಾಲಿ ಗಡಿಗೆ ಹಿಡಿದು ನಿಂತ.

"ಕುಂತಿತ್ತರೀ. ನಿಮ್ಮ ಪಾದದಾಣಿ ಕುಂತಿತ್ತರೀ. ಸುಳ್ಳಲ್ಲ."

"ಗೊತ್ತೈತಿ."

"ಮತ್ತ ಇದು ಯಾಕ ಹಿಂಗ ಮಾಡ್ತೈತ್ರಿ?"

ರೇವಣಜ್ಜ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತರು. ತಮ್ಮ ಪಾದದ ಮೇಲಿನ ಮಣ್ಣನ್ನು ಬೊಗಸೆಯಲ್ಲಿ ಬಳಿದು, ಅವನ ಕೈಯಲ್ಲಿದ್ದ ಗಡಿಗೆಗೆ ತುಂಬತೊಡಗಿದರು. ಅವರ ಬೆರಳು ನಡುಗುವುದನ್ನು ಗದಿಗೆಯ್ಯ ಅಂದೇ ಮೊದಲು ನೋಡಿದ. ಗುರುವಿಗೂ ವಯಸ್ಸಾಗಿದೆ, ಗುರುವಿಗೂ ಅಕ್ಕ ಸತ್ತಿದ್ದಾಳೆ ಅನ್ನುವುದು ಅವನಿಗೆ ಆಗ ಹೊಳೆಯಿತು. ತನ್ನ ದುಃಖದಲ್ಲಿ ಅಷ್ಟನ್ನೂ ಮರೆತಿದ್ದನಲ್ಲ ಎಂದು ನಾಚಿಕೆಯಾಯಿತು.

"ನೀ ಮಲಗಿದ್ದಿ," ಅಂದರು ರೇವಣಜ್ಜ, ತಲೆ ಎತ್ತದೆ. "ಮುಂಜಾನೆ ನನ್ನ ಯಾರೂ ಏನೂ ಕೇಳಲಿಲ್ಲ. ಒಂದಿನ ಗಂಜಿ ತಿರುವೂ ಮುಂದ ಅಕ್ಕನ ನೆನಪು ಬಂತು. ಬರೇ ಅಕ್ಕ. ನಗತಿದ್ಲು. ಮಣ್ಣು ನೆನಪಾಗಲಿಲ್ಲ, ಗೂಟ ನೆನಪಾಗಲಿಲ್ಲ, ನೀನೂ ನೆನಪಾಗಲಿಲ್ಲ."

ಗದಿಗೆಯ್ಯ ಗಡಿಗೆ ಅಲುಗದಂತೆ ಹಿಡಿದ.

"ಈಗ ಓಡಿಬಂದು ಮತ್ತ ಕೇಳಿದೆಲ್ಲೋ," ಅಂದರು.

ಗಡಿಗೆ ತುಂಬಿತು. ಗದಿಗೆಯ್ಯನ ಕಣ್ಣಿಂದ ನೀರು ಇಳಿಯಿತು. ಮತ್ತದೇ ಮಾತು ನಾಲಿಗೆಯ ತುದಿಗೆ ಬಂತು, ಬಾಯಿ ಅರ್ಧ ತೆರೆಯಿತು.

ರೇವಣಜ್ಜ ಮಣ್ಣಾದ ಕೈಯನ್ನು ಅವನ ಬಾಯಿಗೆ ಅಡ್ಡ ಹಿಡಿದರು. ಆಮೇಲೆ ಆ ಕೈ ತೆಗೆದು, ಅವನ ಹೆಗಲ ಮೇಲಿನ ಹಸಿ ಅರಿವೆಯನ್ನು ಗಡಿಗೆಗೆ ಮುಚ್ಚಿದರು.

"ಮೆಲ್ಲಕ ಒಯ್ದು ಕಿಟಕ್ಯಾಗ ಇಡು. ನಾಳೆ ಮುಂಜಾನೆನೂ ನೀರು ತಗೊಂಡ ಬಾ, ಗದಿಗೆಯ್ಯ. ಏನೂ ಕೇಳಬ್ಯಾಡ."